ಮಗುವಿನ ಕೈ ಹಿಡಿದು ನಡೆದು ನೋಡಿ

ಮೂರು ವರ್ಷದ ಮಗು ಎಣಿಸೋದನ್ನ ಎಲ್ಲಿ ಕಲಿಯುತ್ತೆ? ತರಕಾರಿ ಗಾಡಿ ಮುಂದೆ ನಿಂತು ನಾಲ್ಕು ಟೊಮೆಟೊ ಆರಿಸುವಾಗ. ರಾಗಿ ಹಿಟ್ಟಾಗೋದು ಹೇಗೆ ಅಂತ ಗಿರಣಿ ತೋರಿಸುತ್ತೆ. ಕಾಗದ ಊರೂರಿಗೆ ಹೋಗೋದು ಹೇಗೆ ಅಂತ ಅಂಚೆ ಕಚೇರಿ ತೋರಿಸುತ್ತೆ.

ಮಿದುಳಿನ ಶೇ. 85ಕ್ಕೂ ಹೆಚ್ಚು ಬೆಳವಣಿಗೆ ಆರು ವರ್ಷದೊಳಗೇ ಆಗುತ್ತೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತೆ. ಆದರೆ ಬೆಂಗಳೂರಿನ ಅಂಗನವಾಡಿಯಿಂದ ಇಪ್ಪತ್ತು ಮಕ್ಕಳನ್ನ ಅಂಚೆ ಕಚೇರಿವರೆಗೆ ನಡೆಸೋಕೆ ಫುಟ್‌ಪಾತ್ ಎಲ್ಲಿದೆ? ಇದ್ದ ಕಡೆ ಬೈಕು, ಟ್ರಾನ್ಸ್‌ಫಾರ್ಮರ್, ಬಾಯ್ತೆರೆದ ಚರಂಡಿ. ಜೊತೆಗಿರೋದು ಕಾರ್ಯಕರ್ತೆ, ಸಹಾಯಕಿ ಇಬ್ಬರೇ. ಅವರು ಬಾಗಿಲು ಹಾಕಿ ಮಕ್ಕಳನ್ನ ಒಳಗೇ ಕೂರಿಸಿದರೆ ತಪ್ಪು ಯಾರದ್ದು?

ನಾನೂ ಎಂಜಿನಿಯರಿಂಗ್ ಓದಿದವನೇ. ಪಾಲಿಕೆ ಎಂಜಿನಿಯರ್‌ಗಳೇ, ರಸ್ತೆ ಬಿಲ್ಲಿಗೆ ಸಹಿ ಹಾಕೋ ಮುನ್ನ ಮೂರು ವರ್ಷದ ಮಗುವಿನ ಕೈ ಹಿಡಿದು ಅಲ್ಲಿ ನಡೆದು ನೋಡಿ. ಧೈರ್ಯವಾಗಿ ಕೈ ಬಿಡೋ ಹಾಗಿದ್ದರೆ ಮಾತ್ರ ಸಹಿ ಹಾಕಿ.