ಪುಟ್ಟ ಫಟ್‌ಫಟಿಯ ಸೊಗಸು

ಮೋಟಾರ್ ಸೈಕಲ್ಲು ಎಂಬ ಹೆಸರು ನಮಗೆ ಇಂಗ್ಲಿಷಿನಿಂದ ಬಂದುದು. ನಮ್ಮ ಜನ ತಾವಾಗಿ ಅದಕ್ಕಿಟ್ಟ ಹೆಸರು ಫಟ್‌ಫಟಿ. ಇಂಥ ಮಾತುಗಳನ್ನು ವ್ಯಾಕರಣದಲ್ಲಿ ಅನುಕರಣ ಶಬ್ದಗಳೆಂದು ಕರೆಯುತ್ತೇವೆ. ಮಳೆ ಪಟಪಟ ಹನಿಯುತ್ತದೆ, ಗುಡುಗು ಗುಡುಗುಡು ಎನ್ನುತ್ತದೆ; ಕಿವಿ ಕೇಳಿದುದನ್ನೇ ನಾಲಿಗೆ ಹೆಸರಾಗಿ ಮಾಡಿಕೊಳ್ಳುತ್ತದೆ. ಜಪಾನಿನ ಜನರೂ ಇದನ್ನೇ ಮಾಡಿದರೆಂದರೆ ನಿಮಗೆ ವಿನೋದವೆನಿಸಬಹುದು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಎಂಜಿನ್ನು ಕಟ್ಟಿದ ಬೈಸಿಕಲ್ಲುಗಳು ಅಲ್ಲಿಯ ಬೀದಿಗಳಿಗೆ ಬಂದಾಗ ಅವರು ಅವನ್ನು ‘ಬತಬತ’ ಎಂದು ಕರೆದರು. ಭಾಷೆ ಬೇರೆ, ದೇಶ ಬೇರೆ. ಕಿವಿ ಮಾತ್ರ ಒಂದೇ.

ರೇಡಿಯೊ ಇಟ್ಟುಕೊಂಡ ಮನೆಯವರಾದ ನಿಮಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಆ ಬತಬತದ ಹುಟ್ಟು ರೇಡಿಯೊದಲ್ಲಿದೆ. 1946ರಲ್ಲಿ ಹಮಾಮತ್ಸು ಎಂಬ ಊರಿನಲ್ಲಿ ಸೊಯಿಚಿರೊ ಹೊಂಡಾ ಎಂಬಾತನ ಕಣ್ಣಿಗೆ ಒಂದು ಪುಟ್ಟ ಎಂಜಿನ್ನು ಬಿತ್ತು. ಯುದ್ಧಕಾಲದಲ್ಲಿ ಸೈನ್ಯದ ವೈರ್‌ಲೆಸ್ ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸಲು ಮಾಡಿದ್ದ ಎಂಜಿನ್ನು ಅದು. ಸೈನ್ಯ ಕರಗಿತ್ತು, ಎಂಜಿನ್ನು ಉಳಿದಿತ್ತು. ಜನರಿಗೆ ಓಡಾಡಲು ಸಾಧನವಿರಲಿಲ್ಲ. ಹೊಂಡಾ ಅದನ್ನು ಬೈಸಿಕಲ್ಲಿಗೆ ಕಟ್ಟಿದ. ಮೊದಲ ಪ್ರಯೋಗದಲ್ಲಿ ಪೆಟ್ರೋಲ್ ಟ್ಯಾಂಕಿನ ಬದಲಿಗೆ ಇದ್ದುದು ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಳಸುವ ಬಿಸಿನೀರಿನ ಪಾತ್ರೆ! ಅಂತಹ ಎಂಜಿನ್ನುಗಳು ಸುಮಾರು ಐನೂರು ಸಿಕ್ಕಿದವು. ಅವು ಮುಗಿದ ಮೇಲೆ ಆತ ತನ್ನದೇ ಎಂಜಿನ್ನನ್ನು ಮಾಡತೊಡಗಿದ. 1948ರಲ್ಲಿ ಹೊಂಡಾ ಕಂಪನಿ ಹುಟ್ಟಿತು.

ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ವಂಶದ ಹಳೆಯ, ಚಿಕ್ಕ ಬಂಡಿಗಳನ್ನು ಕುರಿತು. ಅವುಗಳ ಮೇಲೆ ಕುಳಿತು ಹೋಗುವುದರಲ್ಲಿ ಇರುವ ಒಂದು ವಿಶೇಷ ಸುಖವನ್ನು ಕುರಿತು. ಚಿಕ್ಕವೆಂದರೆ ಎಷ್ಟು ಚಿಕ್ಕವು? ಎಂಜಿನ್ನಿನ ಅಳತೆಯನ್ನು ಸಿ.ಸಿ. ಎಂದು ಹೇಳುತ್ತಾರಲ್ಲವೆ? ಅದು ಸಿಲಿಂಡರಿನೊಳಗೆ ಪಿಸ್ಟನ್ನು ಏರಿಳಿಯುವ ಜಾಗದ ಅಳತೆ. 50 ಸಿ.ಸಿ. ಎಂದರೆ ಹೋಟೆಲಿನಲ್ಲಿ ಬೈಟು ಕಾಫಿ ಕೇಳಿದರೆ ಒಂದು ಲೋಟದಲ್ಲಿ ಎಷ್ಟು ಬರುತ್ತದೆಯೋ ಹೆಚ್ಚುಕಡಮೆ ಅಷ್ಟು. ಅಷ್ಟು ಜಾಗದಲ್ಲಿ ಒಬ್ಬ ಮನುಷ್ಯನನ್ನೂ ಅವನ ಗಂಟುಮೂಟೆಯನ್ನೂ ಗುಡ್ಡ ಹತ್ತಿಸುವ ಶಕ್ತಿ ಹುಟ್ಟಬೇಕು.

ಹುಟ್ಟಿತು. 1958ರ ಆಗಸ್ಟಿನಲ್ಲಿ ಹೊಂಡಾ ಕಂಪನಿ ಸೂಪರ್ ಕಬ್ ಎಂಬ ಬಂಡಿಯನ್ನು ಹೊರತಂದಿತು. ಕಬ್ ಎಂದರೆ ಮರಿ. ನಮ್ಮ ಕಬ್ಬಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಸವಿ ಅದರಲ್ಲೂ ಉಂಟು. 49 ಸಿ.ಸಿ.ಯ ಎಂಜಿನ್ನು, ನಾಲ್ಕೂವರೆ ಅಶ್ವಶಕ್ತಿ. ಇದನ್ನು ಮಾಡಿದವರ ಮುಂದಿದ್ದ ಚಿತ್ರ ಪಂದ್ಯದ ಸವಾರನದಲ್ಲ. ಸೋಬಾ ಎಂಬ ಶ್ಯಾವಿಗೆಯಂಥ ತಿಂಡಿಯನ್ನು ಮನೆಮನೆಗೆ ಒಯ್ಯುವ ಅಂಗಡಿಯ ಹುಡುಗ ಒಂದು ಕೈಯಲ್ಲಿ ತಿಂಡಿಯನ್ನು ಹಿಡಿದು, ಇನ್ನೊಂದು ಕೈಯಲ್ಲೇ ಬಂಡಿ ನಡೆಸುವಂತಿರಬೇಕು ಎಂಬುದು ಅವರ ಹಂಬಲ. ಆದುದರಿಂದ ಎಡಗೈಯ ಕ್ಲಚ್ಚನ್ನೇ ತೆಗೆದುಹಾಕಿ, ಎಂಜಿನ್ನಿನ ವೇಗಕ್ಕೆ ತಕ್ಕಂತೆ ತಾನಾಗಿ ಹಿಡಿದು ಬಿಡುವ ಕ್ಲಚ್ಚನ್ನು ಇಟ್ಟರು. ರಸ್ತೆಯ ಕೆಸರು ಕಾಲಿಗೆ ಸಿಡಿಯದಂತೆ ಮುಂದೆ ಪ್ಲಾಸ್ಟಿಕ್ಕಿನ ಮರೆ ಕಟ್ಟಿದರು. ಹಳ್ಳಕೊಳ್ಳದ ರಸ್ತೆಗೆ ದೊಡ್ಡ ಚಕ್ರಗಳನ್ನು ಕೊಟ್ಟರು. ಈ ಮಾಲಿಕೆಯ ಬಂಡಿಗಳ ಒಟ್ಟು ಸಂಖ್ಯೆ 2017ರಲ್ಲಿ 10 ಕೋಟಿ ಮುಟ್ಟಿತು. ಹೊಗೆಯ ನಿಯಮಗಳು ಬಿಗಿಯಾದುದರಿಂದ ಜಪಾನಿನಲ್ಲಿ 50 ಸಿ.ಸಿ.ಯ ಕಬ್ಬನ್ನು ಮಾಡುವುದು 2025ರಲ್ಲಿ ನಿಂತಿತು.

ಅದೇ ಹಮಾಮತ್ಸುವಿನ ಇನ್ನೊಂದು ಕತೆ ನನ್ನಂಥ ಶಾಲಾ ಮಾಸ್ತರನಿಗೆ ಬಹಳ ಪ್ರಿಯವಾದುದು. 1887ರಲ್ಲಿ ಅಲ್ಲಿಯ ಶಾಲೆಯೊಂದರ ರೀಡ್ ಆರ್ಗನ್ನು ಕೆಟ್ಟುಹೋಯಿತು. ಅದನ್ನು ರಿಪೇರಿ ಮಾಡಿದವನು ತೊರಾಕುಸು ಯಮಹಾ. ಒಳಗಿನ ಮರ್ಮವನ್ನು ತಿಳಿದ ಮೇಲೆ ಆತ ತಾನೇ ಆರ್ಗನ್ನುಗಳನ್ನು ಮಾಡಿದ. ಆ ಸಂಸ್ಥೆ ಪಿಯಾನೋಗಳನ್ನು ಮಾಡಿತು. 1955ರಲ್ಲಿ ಮೊದಲ ಮೋಟಾರ್ ಸೈಕಲ್ಲನ್ನು ಮಾಡಿತು. ಜರ್ಮನಿಯ ಡಿ.ಕೆ.ಡಬ್ಲ್ಯು. ಬಂಡಿಯ ಮಾದರಿಯನ್ನು ಅನುಸರಿಸಿದ 125 ಸಿ.ಸಿ.ಯ ಆ ಬಂಡಿಗೆ ಜನ ಪ್ರೀತಿಯಿಂದ ಕರೆದ ಹೆಸರು ‘ಅಕತೊಂಬೊ’, ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆ. ಇಂದಿಗೂ ಆ ಕಂಪನಿಯ ಲಾಂಛನ ಮೂರು ಶ್ರುತಿಕವೆಗಳು. ಸುಜುಕಿಯವರೂ ಆ ಊರಿನವರೇ. ಅವರು 1909ರಲ್ಲಿ ತೊಡಗಿದ್ದು ಮಗ್ಗ ಮಾಡುವ ಕೆಲಸಕ್ಕೆ. 1952ರಲ್ಲಿ 36 ಸಿ.ಸಿ.ಯ ಎಂಜಿನ್ನನ್ನು ಬೈಸಿಕಲ್ಲಿಗೆ ಕೂಡಿಸಿದರು. ಹೀಗೆ ಒಂದು ರೇಡಿಯೊ, ಒಂದು ಹಾರ್ಮೋನಿಯಮ್ಮಿನ ಜಾತಿಯ ವಾದ್ಯ, ಒಂದು ಮಗ್ಗ: ಮನೆಮಂದಿಯ ವಸ್ತುಗಳಿಂದ ಈ ಬಂಡಿಗಳ ಕುಲ ಬೆಳೆಯಿತು. ಇವುಗಳಲ್ಲಿ ಕಾಣುವ ಅಚ್ಚುಕಟ್ಟು ಎಲ್ಲಿಂದ ಬಂತೆಂಬುದನ್ನು ಇದರಿಂದ ಊಹಿಸಬಹುದು.

ನಮ್ಮ ದೇಶಕ್ಕೆ ಈ ಕುಲ ತಡವಾಗಿ ಬಂತು. 1980ರ ಆಸುಪಾಸಿನಲ್ಲಿ ನಮ್ಮ ರಸ್ತೆಗಳಲ್ಲಿ ಮೋಟಾರ್ ಸೈಕಲ್ಲೆಂದರೆ ಬುಲೆಟ್ಟು, ರಾಜದೂತ್, ಮತ್ತು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯಜ್ದಿ. ಎಲ್ಲವೂ ಒಳ್ಳೆಯ ಗಟ್ಟಿಮುಟ್ಟು ಬಂಡಿಗಳು. ಸ್ಟ್ಯಾಂಡು ಹಾಕುವುದೇ ಒಂದು ವ್ಯಾಯಾಮ. 1984ರಲ್ಲಿ ಬೆಂಗಳೂರಿಗೆ ನೆರೆಯ ಹೊಸೂರಿನಿಂದ ಸುಜುಕಿಯ 100 ಸಿ.ಸಿ. ಬಂತು. 1985ರಲ್ಲಿ ಹೀರೋ ಹೊಂಡಾ ಸಿ.ಡಿ. 100 ಬಂತು, ಯಮಹಾ ಆರ್.ಎಕ್ಸ್. 100 ಬಂತು, ಅವುಗಳ ಹಿಂದೆಯೇ ಕವಾಸಾಕಿ. ನೂರು ಕಿಲೋ ತೂಕದ ಆಸುಪಾಸಿನ ಈ ಬಂಡಿಗಳನ್ನು ಗುಮಾಸ್ತರು, ಮಾಸ್ತರುಗಳು, ಹಾಲಿನವರು, ಅಂಚೆಯವರು ಸಲೀಸಾಗಿ ಏರಿದರು. ಆರ್.ಎಕ್ಸ್. 100ರ ತಯಾರಿಕೆ 1996ರಲ್ಲೇ ನಿಂತರೂ ಕಾಲೇಜು ಹುಡುಗರು ಇಂದಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಇವುಗಳ ಸೊಗಸು ಯಾವುದರಲ್ಲಿದೆ? ಮೊದಲನೆಯದು ದನಿ. ಸಿ.ಡಿ. 100ರದು ನಾಲ್ಕು ಸ್ಟ್ರೋಕಿನ ಎಂಜಿನ್ನು. ಎರಡು ಸುತ್ತಿಗೊಮ್ಮೆ ಒಂದು ಸಿಡಿತ. ಆರ್.ಎಕ್ಸ್. 100ರದು ಎರಡು ಸ್ಟ್ರೋಕು, ಸುತ್ತಿಗೊಂದು ಸಿಡಿತ. ಎರಡೂ ನಿಮಿಷಕ್ಕೆ 1200 ಸುತ್ತು ತಿರುಗುತ್ತಿವೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಸೆಕೆಂಡಿಗೆ 10 ಸಿಡಿತ, ಎರಡನೆಯದರಲ್ಲಿ 20. ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ ಒಂದೇ ಕಾಲದಲ್ಲಿ ಒಂದು ಬಂಡಿ ಗುರುಗಳನ್ನು ಉಚ್ಚರಿಸುತ್ತದೆ, ಇನ್ನೊಂದು ಲಘುಗಳನ್ನು. ಅದಕ್ಕೇ ಒಂದರದು ನಿಧಾನದ ನಡೆ, ಇನ್ನೊಂದರದು ಅವಸರದ ಝೇಂಕಾರ. ಆರ್.ಎಕ್ಸ್.ನ ಒಳದಾರಿಯಲ್ಲಿ ತೆಳ್ಳನೆಯ ರೀಡುಗಳಿವೆ. ಹಾರ್ಮೋನಿಯಮ್ಮಿನ ರೀಡು ಗಾಳಿಗೆ ಕಂಪಿಸಿ ದನಿಗೊಡುತ್ತದೆ. ಇಲ್ಲಿಯ ರೀಡು ಎಂಜಿನ್ನು ಉಸಿರೆಳೆದಾಗ ತೆರೆದು, ಎಳೆದ ಉಸಿರು ಹಿಂದಕ್ಕೆ ಹೋಗದಂತೆ ಮುಚ್ಚಿಕೊಳ್ಳುತ್ತದೆ. ಆರ್ಗನ್ನು ಮಾಡಿದವರ ಮನೆಯಲ್ಲಿ ರೀಡು ಬೇರೆ ಉದ್ಯೋಗ ಹಿಡಿದಂತಾಯಿತು!

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಮುಖ್ಯವಾದುದು, ಅಳತೆ. ಆಗುಂಬೆಯ ಘಾಟಿಯನ್ನು ನೀವು ಇಂಥ ಬಂಡಿಯಲ್ಲಿ ಏರುತ್ತಿದ್ದೀರಿ ಎನ್ನೋಣ. ದೊಡ್ಡ ಎಂಜಿನ್ನಾದರೆ ಕೈ ತಿರುಗಿಸಿದರಾಯಿತು, ಬೆಟ್ಟವೇ ಕೆಳಗಿಳಿಯುತ್ತದೆ. ಇಲ್ಲಿ ಹಾಗಲ್ಲ. ಮುಂದಿನ ತಿರುವು ಎಷ್ಟು ಕಡಿದು, ದನಿ ಎಷ್ಟು ಭಾರವಾಯಿತು, ಯಾವಾಗ ಗೇರು ಇಳಿಸಬೇಕು, ಎಲ್ಲವನ್ನೂ ನೀವೇ ಲೆಕ್ಕ ಹಾಕಬೇಕು. ತಡಮಾಡಿದರೆ ಎಂಜಿನ್ನು ಏದುಸಿರು ಬಿಡುತ್ತದೆ. ಸಮಯಕ್ಕೆ ಇಳಿಸಿದರೆ ಖುಷಿಯಿಂದ ಎಳೆಯುತ್ತದೆ. ಬಂಡಿಯಲ್ಲಿ ಇರುವುದನ್ನೆಲ್ಲ ನೀವು ಬಳಸುತ್ತೀರಿ, ಒಂದು ಚೂರೂ ಬಾಕಿ ಇಲ್ಲ. ಆದರೂ ನಿಮ್ಮ ವೇಗ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರು. ದಾರಿಬದಿಯ ಮರ ಕಾಣುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಯಂತ್ರದ ಮಿತಿಯೂ ಮನುಷ್ಯನ ಮಿತಿಯೂ ಒಂದಕ್ಕೊಂದು ಹೊಂದಿಕೊಂಡಿರುವ ಸುಖವಿದು. ಬಲ ಹೆಚ್ಚಿದ ಬಂಡಿಯಲ್ಲಿ ಸವಾರ ಅದನ್ನು ತಡೆದು ನಡೆಸುತ್ತಾನೆ. ಚಿಕ್ಕ ಬಂಡಿಯಲ್ಲಿ ಅದರೊಡನೆ ಕೂಡಿ ನಡೆಯುತ್ತಾನೆ.

ಮೂರನೆಯದು, ಬಂಡಿ ತನ್ನ ಮನಸ್ಸನ್ನು ಮುಚ್ಚಿಡುವುದಿಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿ. ತುದಿ ಕಾಫಿಪುಡಿಯ ಬಣ್ಣವಾಗಿದ್ದರೆ ಎಲ್ಲವೂ ಕ್ಷೇಮ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಮೆ. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಎಂಜಿನ್ನು ಬಿಸಿಯಾಗುತ್ತಿದೆ. ಕಾರ್ಬುರೇಟರಿನ ಚಿಕ್ಕ ಸ್ಕ್ರೂವನ್ನು ಅತ್ತಿತ್ತ ತಿರುಗಿಸುತ್ತಾ ದನಿ ನಯವಾಗುವ ಜಾಗವನ್ನು ಹುಡುಕುವುದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ರೇಡಿಯೊದ ಗುಂಡಿ ತಿರುಗಿಸಿ ನಿಲಯವನ್ನು ಹಿಡಿಯುವುದೂ ಟ್ಯೂನಿಂಗೇ, ತಂಬೂರಿಯ ಶ್ರುತಿ ಮಾಡುವುದೂ ಅದೇ. ಮೂರಕ್ಕೂ ಬೇಕಾದುದು ಕಿವಿ ಮತ್ತು ತಾಳ್ಮೆ.

ನಮ್ಮ ಮನೆಯಲ್ಲಿ ನಮ್ಮ ತಂದೆಯವರು 1989ರಲ್ಲಿ ಕೊಂಡ ಸಿ.ಡಿ. 100 ಒಂದು ಉಂಟು. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆಗೆ ಒಯ್ದು ನೋಂದಣಿಯನ್ನು ಮುಂದುವರಿಸಬೇಕು. ಪ್ರತಿ ಸಲವೂ ನನ್ನ ಮಗ, “ಅಪ್ಪಾ, ಈ ಖರ್ಚು ಯಾಕೆ? ಕೊಟ್ಟುಬಿಡಿ, ಒಳ್ಳೆಯದೊಂದು ತರೋಣ” ಎನ್ನುತ್ತಾನೆ. ಅವನ ಮಾತಿನಲ್ಲಿ ನ್ಯಾಯವಿದೆ. 2021ರ ನಿಯಮದಂತೆ 50 ವರ್ಷ ಮೀರಿ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಗೌರವ. ಅಂದರೆ 1985ರ ಬಂಡಿಗೂ 2035ರವರೆಗೆ ಆ ಬಿರುದಿಲ್ಲ. ಸದ್ಯಕ್ಕೆ ಅದು ಬರಿಯ ಹಳೆಯ ಬಂಡಿ.

ಆದರೂ ನಾನದನ್ನು ಕೊಟ್ಟಿಲ್ಲ. ಕಾರಣ ತಂದೆಯವರ ನೆನಪೊಂದೇ ಅಲ್ಲ. ಶಾಲೆ ಬಿಟ್ಟ ಮೇಲೆ ಒಂದೊಂದು ಶನಿವಾರ ನಾಲ್ಕಾರು ಹುಡುಗರು ನಮ್ಮ ಅಂಗಳಕ್ಕೆ ಬರುತ್ತಾರೆ. ಓಡಿಸುವ ವಯಸ್ಸು ಅವರದಲ್ಲ. ಸ್ಪ್ಯಾನರು ಹಿಡಿಯುವ ವಯಸ್ಸು ಹೌದು. ಅವರಲ್ಲೊಬ್ಬ, ಸಂಧಿ ಬಿಡಿಸೆಂದರೆ ತಡವರಿಸುವ ಹುಡುಗ, ಒಂದು ದಿನ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, “ಸರ್, ಮೇಲ್ಗಡೆ ಏನೋ ಟಿಕ್ ಟಿಕ್ ಅಂತಿದೆ” ಎಂದ. ಮೆಕ್ಯಾನಿಕ್ಕು ಬಂದು ನೋಡಿದಾಗ ಟ್ಯಾಪೆಟ್ಟು ಸಡಿಲವಾಗಿತ್ತು. ಇಡೀ ತರಗತಿಯಲ್ಲಿ ತಲೆ ತಗ್ಗಿಸಿ ಕೂರುವ ಆ ಹುಡುಗನ ಮುಖ ಅಂದು ನೋಡಬೇಕಾಗಿತ್ತು! ಪದಗಳ ಸಂಧಿ ಒಲಿಯದವನಿಗೆ ಕಬ್ಬಿಣದ ಸಂಧಿ ಒಲಿದಿತ್ತು. 2020ರ ಏಪ್ರಿಲಿನಲ್ಲಿ ಹೊಸ ಹೊಗೆನಿಯಮ ಬಂದ ಮೇಲೆ ನಮ್ಮ ಹೊಸ ಬಂಡಿಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಗಾಳಿಗೆ ಅದು ಒಳ್ಳೆಯದು, ಸಂದೇಹವಿಲ್ಲ. ಆದರೆ ಅದರ ಮರ್ಮ ಮುಚ್ಚಿದ ಪೆಟ್ಟಿಗೆಯೊಳಗಿದೆ. ಬಿಚ್ಚಿ ನೋಡಿ ತಿಳಿಯಬಹುದಾದ ಯಂತ್ರವೊಂದಾದರೂ ಊರಿನಲ್ಲಿ ಉಳಿದಿರಬೇಕು ಎಂಬುದು ನನ್ನ ಆಸೆ.

ಹೊಗಳಿಕೆಯ ಜೊತೆಗೆ ದೋಷವನ್ನೂ ಹೇಳುವುದು ಧರ್ಮ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸುಡದ ಪೆಟ್ರೋಲಿನ ಒಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ನೀವು ಪಡುವ ಸುಖಕ್ಕೆ ಹಿಂದೆ ಬರುವವರ ಮೂಗು ತೆರಿಗೆ ಕೊಡುತ್ತದೆ. ದಿನನಿತ್ಯದ ಪೇಟೆ ಓಡಾಟಕ್ಕೆ ಅದು ತಕ್ಕುದಲ್ಲ. ಹಳೆಯ ಡ್ರಮ್ ಬ್ರೇಕು ಇಂದಿನ ಬ್ರೇಕಿನಂತೆ ತಟ್ಟನೆ ಹಿಡಿಯದು; ದೀಪ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕುಗ್ಗಿ ಹಿಗ್ಗುತ್ತದೆ. ಲಾರಿಗಳು ಹಾರುವ ಹೆದ್ದಾರಿಗೆ, ಕತ್ತಲೆಯ ಪ್ರಯಾಣಕ್ಕೆ ಇವನ್ನು ಒಯ್ಯಬೇಡಿ. ಹೆಲ್ಮೆಟ್ಟು ಬಂಡಿ ಚಿಕ್ಕದೆಂದು ಚಿಕ್ಕದಾಗುವುದಿಲ್ಲ.

ನಿಮ್ಮ ಮನೆಯ ಹಿತ್ತಿಲಲ್ಲೋ ಅಣ್ಣನ ಮನೆಯ ಕೊಟ್ಟಿಗೆಯಲ್ಲೋ ಇಂಥದೊಂದು ಗೋಣಿತಾಟಿನ ಕೆಳಗೆ ಮಲಗಿದೆಯೆ? ಅವಸರದಿಂದ ಕಿಕ್ಕರ್ ತುಳಿಯಬೇಡಿ. ಮೊದಲು ಹಳೆಯ ಪೆಟ್ರೋಲನ್ನು ಟ್ಯಾಂಕಿನಿಂದಲೂ ಕಾರ್ಬುರೇಟರಿನ ಬಟ್ಟಲಿನಿಂದಲೂ ಬಸಿಯಿರಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಯನ್ನು ಬದಲಾಯಿಸಿ. ಎಂಜಿನ್ ಆಯಿಲ್ ಹೊಸದು ಹಾಕಿಸಿ. ಟೈರು ನೋಡಲು ಚೆನ್ನಾಗಿದ್ದರೂ ಬದಿಯಲ್ಲಿ ಬಿರುಕಿದ್ದರೆ ನಂಬಬೇಡಿ. ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ. ನಿಮ್ಮಿಂದಾಗದಿದ್ದರೆ, ಆಗುವವರ ಕೈಗೆ ಕೊಡಿ. ತುಕ್ಕು ತಿನ್ನುವುದಕ್ಕಿಂತ ಅದು ಮೇಲು.

ಎಲ್ಲ ಸರಿಯಾದ ಮೇಲೆ ಒಂದು ಭಾನುವಾರ ಬೆಳಗಿನ ತಂಪಿನಲ್ಲಿ ಹತ್ತು ಮೈಲಿ ಹೋಗಿ ಬನ್ನಿ. ಯಾರನ್ನೂ ಹಿಂದಿಕ್ಕಬೇಡಿ; ಬೇಕಾದವರು ನಿಮ್ಮನ್ನು ಹಿಂದಿಕ್ಕಿ ಹೋಗಲಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ, ತಿರುಗಿ ಬಂದ ಮೇಲೆ ಎಂಜಿನ್ನು ಆರಿದ ಹೊತ್ತಿಗೆ ಅವರನ್ನು ಕರೆದು ಕೈಗೊಂದು ಸ್ಪ್ಯಾನರು ಕೊಡಿ.