ಕಫದಲ್ಲಿ ಕಾಣದ ನ್ಯುಮೋನಿಯಾ



ಹೋದ ಮಳೆಗಾಲದಲ್ಲಿ ನಮ್ಮ ವಾಚನಾಲಯದ ಹಿರಿಯ ಸದಸ್ಯರೊಬ್ಬರು ಹತ್ತು ದಿನದ ಜ್ವರ, ಬಿಡದ ಒಣಕೆಮ್ಮು ಹೊತ್ತು ನಮ್ಮಲ್ಲಿಗೆ ಬಂದರು. ಕೈಯಲ್ಲಿ ಕಫ ಪರೀಕ್ಷೆಯ ವರದಿಯಿತ್ತು. "ರೋಗಾಣು ಇಲ್ಲವೆಂದು ಬರೆದಿದ್ದಾರೆ ಡಾಕ್ಟರೇ, ಔಷಧ ನಿಲ್ಲಿಸಿಬಿಡಲೇ?" ಎಂದು ಕೇಳಿದರು. ಎದೆಯ ಕ್ಷ-ಕಿರಣ ಚಿತ್ರ ತೆಗೆಸಿದರೆ ಎರಡು ಪಕ್ಕದಲ್ಲೂ ಮಂಜು ಕವಿದಂತಿತ್ತು. ಅಂದು ಅವಸರದಲ್ಲಿ ಕೊಟ್ಟ ಉತ್ತರವನ್ನು ಇಂದು ಸಾವಕಾಶವಾಗಿ ತಮ್ಮ ಮುಂದಿಡುತ್ತೇವೆ.

ನ್ಯುಮೋನಿಯಾ ಎಂದೊಡನೆ ನೆನಪಾಗುವುದು ನಡುಗಿಸುವ ಚಳಿಜ್ವರ, ಪಕ್ಕೆನೋವು, ತುಕ್ಕಿನ ಬಣ್ಣದ ಕಫ. ಆ ಕಫವನ್ನು ಗಾಜಿನ ಮೇಲೆ ಸವರಿ, ಗ್ರಾಂ ಎಂಬವರ ವಿಧಾನದಲ್ಲಿ ಬಣ್ಣ ಹಾಕಿ ನೋಡಿದರೆ ನ್ಯುಮೊಕಾಕಸ್ ಜೋಡಿ ಜೋಡಿಯಾಗಿ ಕಾಣುತ್ತದೆ. ಈ ದಾರಿಯಲ್ಲಿ ನಡೆಯದ ನ್ಯುಮೋನಿಯಾಗಳೂ ಉಂಟು. 1938ರಲ್ಲಿ ಅಮೆರಿಕದ ಹೋಬರ್ಟ್ ರೈಮನ್ ಅಂಥವನ್ನು ವರ್ಣಿಸಿ 'ಅಟಿಪಿಕಲ್' ಎಂದರು. ನಾವು 'ಮಾಮೂಲಲ್ಲದ' ಎನ್ನೋಣ.

ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕೊಪ್ಲಾಸ್ಮಾ. ಈ ಅಣುಜೀವಿಗೆ ಕೋಶದ ಗೋಡೆಯೇ ಇಲ್ಲ. ಗ್ರಾಂ ಬಣ್ಣ ಹಿಡಿಯಲು ಗೋಡೆ ಬೇಕು. ಪೆನಿಸಿಲಿನ್ ಕೆಡವುವುದೂ ಗೋಡೆ ಕಟ್ಟುವ ಕೆಲಸವನ್ನೇ. ಗೋಡೆಯೇ ಇಲ್ಲದ ಮನೆಗೆ ಕನ್ನ ಕೊರೆಯುವುದೆಲ್ಲಿ? ಆದ್ದರಿಂದ ನಮ್ಮ ಮಿತ್ರರ ವರದಿ ಸುಳ್ಳಲ್ಲ. ಆ ಬಣ್ಣಕ್ಕೆ ಸಿಕ್ಕುವ ರೋಗಾಣು ಸಿಕ್ಕಲಿಲ್ಲ ಎಂದಷ್ಟೇ ಅದು ಹೇಳಿತ್ತು.

1943ರಲ್ಲಿ ಬಾಸ್ಟನ್ನಿನ ವೈದ್ಯರು ಒಂದು ವಿಚಿತ್ರವನ್ನು ಕಂಡರು. ಇಂಥ ಕೆಲವು ರೋಗಿಗಳ ರಕ್ತ ತಂಪಿನಲ್ಲಿ ಗಂಟುಗಂಟಾಗಿ ಕೂಡಿಕೊಳ್ಳುತ್ತಿತ್ತು. ಹಾಸಿಗೆಯ ಪಕ್ಕದಲ್ಲೇ ಇದನ್ನು ನೋಡಬಹುದು. ಹೆಪ್ಪುಗಟ್ಟದಂತೆ ಔಷಧ ಹಾಕಿದ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದು, ಮಂಜುಗಡ್ಡೆಯ ನೀರಿನಲ್ಲಿಟ್ಟು, ಮೆಲ್ಲಗೆ ಓರೆಮಾಡಿದರೆ ಗಾಜಿನ ಮೇಲೆ ಮರಳಿನಂತೆ ಕಣಗಳು ಕಾಣುತ್ತವೆ. ಮೈಯ ಬಿಸಿಗೆ ತಂದರೆ ಕರಗಿಹೋಗುತ್ತವೆ. ನೋಡಿದವರಿಗೆ ಜಾದೂ ಎನಿಸುತ್ತದೆ. ನಮಗೆ ಇಂದಿಗೂ ಎನಿಸುತ್ತದೆ. ಆದರೆ ಮೈಕೊಪ್ಲಾಸ್ಮಾ ರೋಗಿಗಳಲ್ಲಿ ಎಷ್ಟೋ ಮಂದಿಯಲ್ಲಿ ಇದು ತೋರುವುದಿಲ್ಲ, ಬೇರೆ ರೋಗಗಳಲ್ಲೂ ತೋರುವುದುಂಟು. ಸುಳಿವೆನ್ನಬಹುದು, ಸಾಕ್ಷಿಯೆನ್ನಲಾಗದು.

ಸಾಕ್ಷಿ ಬೇಕೆಂದರೆ ರೋಗದ ಆರಂಭದಲ್ಲಿ ಒಮ್ಮೆ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ರಕ್ತ ತೆಗೆದು, ಪ್ರತಿಕಾಯಗಳು ನಾಲ್ಕು ಪಟ್ಟು ಏರಿದವೇ ಎಂದು ನೋಡಬೇಕು. ಅಷ್ಟರಲ್ಲಿ ರೋಗಿ ಎದ್ದು ಓಡಾಡುತ್ತಿರುತ್ತಾನೆ, ಇಲ್ಲವೇ ಕೈಮೀರಿರುತ್ತಾನೆ. 2020ರ ಕೊರೋನಾ ಕಾಲದಲ್ಲಿ ಎಲ್ಲರ ಮೂಗಿಗೂ ಪರಿಚಯವಾದ ಪಿಸಿಆರ್ ಈ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿದೆ. ಅದರಲ್ಲೂ ಒಂದು ತೊಡಕು: ಕಾಯಿಲೆಯಿಲ್ಲದವರ, ಮುಖ್ಯವಾಗಿ ಮಕ್ಕಳ, ಗಂಟಲಲ್ಲೂ ಮೈಕೊಪ್ಲಾಸ್ಮಾ ಸುಮ್ಮನೆ ಕುಳಿತಿರುವುದುಂಟು.

ಇನ್ನು ಲೀಜನೆಲ್ಲಾ. 1976ರ ಜುಲೈಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದು, ಬಂದವರಲ್ಲಿ ಹಲವರು ನ್ಯುಮೋನಿಯಾದಿಂದ ಸತ್ತರು. ಕಾರಣವಾದ ಅಣುಜೀವಿ ಗೊತ್ತಾದದ್ದು 1977ರ ಜನವರಿಯಲ್ಲಿ. ಮಾಮೂಲಿ ಕೃಷಿ ಮಾಧ್ಯಮದಲ್ಲಿ ಅದು ಬೆಳೆಯದು. ಕಬ್ಬಿಣ, ಸಿಸ್ಟೀನ್, ಇದ್ದಿಲು ಬೆರೆಸಿದ ಊಟ ಬೇಕು. ಈಗ ಮೂತ್ರ ಪರೀಕ್ಷೆಯಿದೆ, ಬೇಗ ಉತ್ತರ ಬರುತ್ತದೆ. ಅದು ಹೆಚ್ಚಾಗಿ ಹಿಡಿಯುವುದು ಒಂದನೆಯ ಗುಂಪಿನ ಲೀಜನೆಲ್ಲಾವನ್ನು ಮಾತ್ರ. ಉಳಿದವು ತಪ್ಪಿಸಿಕೊಳ್ಳುತ್ತವೆ.

ಹೀಗಿರುವಾಗ ಯಾವ ಪರೀಕ್ಷೆ ಬರೆಯಬೇಕೆಂಬುದು ರೋಗಿಯ ಮಾತಿನಿಂದಲೇ ಹೊಳೆಯಬೇಕು. ಮನೆಯಲ್ಲಿ ಗಿಳಿ ಸಾಕಿದ್ದೀರಾ? ಗಿಳಿಯಿಂದ ಬರುವ ಸಿಟ್ಟಕೋಸಿಸ್ ಇದೆ. ಊರಿಗೆ ಹೋಗಿ ಕುರಿ, ಹಸುವಿನ ಹೆರಿಗೆ ನೋಡಿಕೊಂಡಿರಾ? ಕ್ಯೂ ಜ್ವರವಿದೆ. ದೊಡ್ಡ ಹೋಟೆಲಿನಲ್ಲಿ ತಂಗಿದ್ದಿರಾ? ಇವನ್ನು ಹೇಳಲು ಸಂಕೋಚ ಬೇಡ. ಡಾಕ್ಟರು ಕೇಳದಿದ್ದರೆ ತಾವೇ ಹೇಳಿ.

ನಮ್ಮ ಮಿತ್ರರಿಗೆ ಪುರಾವೆಗಾಗಿ ಕಾಯದೆ ಡಾಕ್ಸಿಸೈಕ್ಲಿನ್ ಕೊಟ್ಟೆವು. ಮೊದಲ ರಕ್ತವನ್ನು ತೆಗೆದಿರಿಸಿ, ಮೂರು ವಾರದ ಮೇಲೆ ಎರಡನೆಯದನ್ನು ತೆಗೆದು ಜೊತೆಯಲ್ಲೇ ಕಳುಹಿಸಿದೆವು. ಮೈಕೊಪ್ಲಾಸ್ಮಾ ಎಂಬ ವರದಿ ಹಿಡಿದು ನಾವು ಇಲ್ಲಿಗೆ ಬಂದಾಗ ಅವರು ಆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು.