ತಲಪರಿಗೆಯ ಬಳಿ: ದೇವರ ಸಾಮೀಪ್ಯವನ್ನು ಕುರಿತು

(ಶತಮಾನೋತ್ಸವದ ಅಂಗವಾಗಿ ನಡೆದ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸ)



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ನಾವು ಗೋಡೆಗಳಿಗೆ ಸುಣ್ಣ ಬಳಿಯುತ್ತೇವೆ, ಗೋಪುರಕ್ಕೆ ದೀಪಗಳನ್ನು ಕಟ್ಟುತ್ತೇವೆ, ಅಗಲಿದ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಇವೆಲ್ಲವೂ ಯುಕ್ತವೇ. ಆದರೆ ಈ ಸಂಭ್ರಮದ ನಡುವೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ದೇವಾಲಯವು ನಮ್ಮ ಮನೆಗಳಿಗೆ ಹತ್ತಿರವಾಯಿತು. ದೇವರಿಗೆ ನಾವು ಹತ್ತಿರವಾದೆವೇ?

ಉತ್ತರವನ್ನು ಅರಸಿ ನಾವು ದೂರ ಹೋಗಬೇಕಾಗಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ನೆಲವೇ ನಮಗೆ ಪಾಠ ಹೇಳಬಲ್ಲದು. ಇದು ಬಂಡೆಗಳ ನಾಡು, ಬರದ ನಾಡು. ಮೋಡ ಕವಿದರೂ ಮಳೆ ಬಂದೀತೆಂಬ ನೆಚ್ಚಿಕೆಯಿಲ್ಲ. ಆದರೂ ಇಲ್ಲಿ ಶತಮಾನಗಳಿಂದ ಜನ ಬಾಳಿದ್ದಾರೆ. ಅದಕ್ಕೆ ಕಾರಣಗಳಲ್ಲಿ ಒಂದು, ನಮ್ಮ ಹಿರಿಯರು ಬಲ್ಲ ತಲಪರಿಗೆ. ಬೆಟ್ಟದ ಮೇಲೆ ಸುರಿದ ಮಳೆ, ಕೆರೆಯಲ್ಲಿ ನಿಂತ ನೀರು ಮರಳಿನೊಳಗೆ ಇಂಗಿ, ತಗ್ಗಿನ ನೆಲದಲ್ಲಿ ತಾನಾಗಿಯೇ ಒರತೆಯಾಗಿ ಉಕ್ಕುವ ತಾಣವದು. ಕೆಲವೇ ಅಡಿ ಆಳ. ಅದನ್ನು ಕಾಲುವೆಯಲ್ಲಿ ಹರಿಸಿ, ಸರದಿಯಂತೆ ಹಂಚಿಕೊಂಡು ಗದ್ದೆ ತೋಟಗಳನ್ನು ಬೆಳೆದರು. ಕಾಲಕಾಲಕ್ಕೆ ಎಲ್ಲರೂ ಕೂಡಿ ಹೂಳು ತೆಗೆದರು. ತಲಪರಿಗೆ ಯಾರೊಬ್ಬರ ಸ್ವತ್ತೂ ಅಲ್ಲ. ಯಾರೊಬ್ಬರೂ ಅದನ್ನು ಸೃಷ್ಟಿಸಲಿಲ್ಲ. ಮನುಷ್ಯನ ಪಾಲಿನ ಕೆಲಸ ಬಾಯನ್ನು ತೆರವಾಗಿಡುವುದಷ್ಟೇ.

ದೈವಕೃಪೆಯೂ ಹೀಗೆಯೇ. ನಾವು ದೇವರನ್ನು ಹುಡುಕುವುದಕ್ಕೆ ಮೊದಲೇ ದೇವರು ನಮ್ಮನ್ನು ಹುಡುಕಿದ್ದಾರೆ. ಜ್ಞಾನಸ್ನಾನದ ದಿನ ನಮ್ಮೊಳಗೆ ತೆರೆದ ಒರತೆ ಎಂದೂ ಬತ್ತುವುದಿಲ್ಲ, ಆದರೆ ಹೂಳಿನಿಂದ ಮುಚ್ಚಿಹೋಗಬಲ್ಲದು. ಅನುದಿನದ ಸಣ್ಣ ಸುಳ್ಳು, ಅಣ್ಣತಮ್ಮಂದಿರ ನಡುವಿನ ಬದುವಿನ ಜಗಳ, ಮರೆಯಲೊಲ್ಲದ ಮಾತು, ಕುಡಿತ, ಸೋಮಾರಿತನ, ಇವು ಒಂದೇ ದಿನದಲ್ಲಿ ಬಂದು ತುಂಬುವುದಿಲ್ಲ. ಮಳೆಗಾಲದ ಮಣ್ಣಿನಂತೆ ಪದರ ಪದರವಾಗಿ ಕೂಡುತ್ತವೆ. ಆದುದರಿಂದಲೇ ಧರ್ಮಸಭೆಯು ನಮಗೆ ಪಾಪನಿವೇದನೆಯ ಸಂಸ್ಕಾರವನ್ನು ಕೊಟ್ಟಿದೆ. ಇದು ನಾಚಿಕೆಯ ವಿಷಯವಲ್ಲ, ಹೂಳೆತ್ತುವ ಕಾಯಕ. ವರ್ಷಕ್ಕೊಮ್ಮೆ ಪಾಸ್ಖಹಬ್ಬದ ಮುನ್ನ ಮಾತ್ರ ಸಾಲದು. ತಿಂಗಳಿಗೊಮ್ಮೆಯಾದರೂ ಗುದ್ದಲಿ ಹಿಡಿಯೋಣ.

ಇಂದು ತಲಪರಿಗೆಗಳ ಪಾಡೇನು? ಅನೇಕವು ಬತ್ತಿವೆ. ಕೊಳವೆಬಾವಿಗಳು ನೂರಾರು ಅಡಿ ಕೆಳಗಿಳಿದು ಒಳನೀರನ್ನು ಹೀರಿದವು, ಮರಳು ಹೋಯಿತು, ಹೂಳು ತೆಗೆಯುವವರು ಇಲ್ಲವಾದರು. ಒಬ್ಬನ ಕೊಳವೆಬಾವಿ ನೆರೆಯವನ ಬಾವಿಯನ್ನು ಬತ್ತಿಸಿತು. ಪಾವಗಡದಲ್ಲಿ ಆಳದಿಂದ ಎತ್ತಿದ ನೀರಿನಲ್ಲಿ ಫ್ಲೋರೈಡ್ ಸೇರಿ ಹಲ್ಲು, ಮೂಳೆಗಳಿಗೆ ಕೇಡಾದುದನ್ನು ನಾವೆಲ್ಲ ಬಲ್ಲೆವು.

ನಮ್ಮ ಭಕ್ತಿಯೂ ಕೊಳವೆಬಾವಿಯ ಭಕ್ತಿಯಾಗುತ್ತಿಲ್ಲವೇ? ಮಗನಿಗೆ ಕೆಲಸ ಸಿಗಬೇಕು, ಕಾಯಿಲೆ ವಾಸಿಯಾಗಬೇಕು ಎಂದಾಗ ಆತುರದಿಂದ ಹರಕೆ ಹೊರುತ್ತೇವೆ, ಒಂಬತ್ತು ದಿನ ನವೇನ ಮಾಡುತ್ತೇವೆ. ನೀರು ಬಂದರೆ ಸಂತೋಷ, ಬಾರದಿದ್ದರೆ ಬೇರೆಡೆ ಕೊರೆಯುತ್ತೇವೆ. ಕಷ್ಟದಲ್ಲಿ ದೇವರನ್ನು ಕೂಗುವುದು ತಪ್ಪಲ್ಲ; ಶುಭಸಂದೇಶದ ಕುರುಡರೂ ಕುಷ್ಠರೋಗಿಗಳೂ ಹಾಗೆಯೇ ಕೂಗಿದರು. ಆದರೆ ನೀರಿಗಾಗಿ ಮಾತ್ರ ಬಂದವನು ನೀರು ಕೊಟ್ಟವರನ್ನು ಅರಿಯದೆ ಹಿಂದಿರುಗುತ್ತಾನೆ.

"ನಾವು ಪ್ರಾರ್ಥಿಸುತ್ತೇವೆ, ಆದರೆ ಮನಸ್ಸು ಒಣಗಿದೆ, ಏನೂ ಅನಿಸುವುದಿಲ್ಲ" ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಸ್ಪೇನ್ ದೇಶದ ಅವಿಲಾದ ಸಂತ ತೆರೇಸಮ್ಮನವರು ಉತ್ತಮ ಸಂಗಾತಿ. 1515ರಲ್ಲಿ ಹುಟ್ಟಿ 1582ರಲ್ಲಿ ನಿಧನರಾದ ಈ ಕಾರ್ಮೆಲ್ ಸನ್ಯಾಸಿನಿಯನ್ನು ಜಗದ್ಗುರು ಆರನೆಯ ಪೌಲರು 1970ರಲ್ಲಿ ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಅಂಥವರೂ ಹಲವು ವರ್ಷ ಪ್ರಾರ್ಥನೆಯ ವೇಳೆ ಮುಗಿಯುವ ಗಂಟೆ ಯಾವಾಗ ಬಾರಿಸೀತೆಂದು ಕಾಯುತ್ತಿದ್ದರಂತೆ. ತಮ್ಮ ಆತ್ಮಕಥೆಯಲ್ಲಿ ಅವರು ಆತ್ಮವನ್ನು ತೋಟಕ್ಕೆ ಹೋಲಿಸಿ, ಅದಕ್ಕೆ ನೀರುಣಿಸುವ ನಾಲ್ಕು ಬಗೆಗಳನ್ನು ವಿವರಿಸಿದ್ದಾರೆ. ಮೊದಲನೆಯದು ಬಾವಿಯಿಂದ ಕೈಯಾರೆ ಸೇದುವುದು. ಬಹಳ ಶ್ರಮ, ಸ್ವಲ್ಪ ನೀರು. ಎರಡನೆಯದು ನೀರೆತ್ತುವ ಚಕ್ರ. ನಮ್ಮ ಕಪಿಲೆಯನ್ನು ನೆನೆದರೆ ಸಾಕು, ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯಿಂದಲೋ ಒರತೆಯಿಂದಲೋ ಹರಿದುಬರುವ ನೀರು. ಅದು ನಮ್ಮ ತಲಪರಿಗೆ. ನಾಲ್ಕನೆಯದು ಮಳೆ, ಅಲ್ಲಿ ತೋಟಗಾರನ ಶ್ರಮವೇ ಇಲ್ಲ, ಎಲ್ಲವೂ ದೇವರದೇ.

ಮಳೆ ಬಾರದ ದಿನ ಹಗ್ಗವನ್ನು ಕೈಬಿಡಬಾರದು ಎಂಬುದೇ ನಮಗೆ ಇಲ್ಲಿ ಸಿಗುವ ಬುದ್ಧಿವಾದ. ಒಣ ಮನಸ್ಸಿನಿಂದ ಮಾಡಿದ ಜಪಸರವೂ ದೇವರಿಗೆ ಪ್ರಿಯವೇ, ಏಕೆಂದರೆ ಅಲ್ಲಿ ನಮ್ಮ ಸುಖವಿಲ್ಲ, ನಿಷ್ಠೆಯೊಂದೇ ಇದೆ. ಬರಗಾಲದಲ್ಲೂ ಬಿತ್ತನೆಯ ಬೀಜವನ್ನು ತಿನ್ನದೆ ಕಾದಿರಿಸುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂತತನ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಮೀಸಲೆಂದು ಯಾರೂ ಭಾವಿಸದಿರಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಹೊರಡಿಸಿದ, ಧರ್ಮಸಭೆಯನ್ನು ಕುರಿತ ಸಂವಿಧಾನದ ಐದನೆಯ ಅಧ್ಯಾಯವು ಪಾವಿತ್ರ್ಯದ ಕರೆ ಸರ್ವರಿಗೂ ಉಂಟೆಂದು ಸ್ಪಷ್ಟಪಡಿಸಿದೆ. ಕಡಲೆಕಾಯಿ ಬಿಡಿಸುವ ಕೈಯೂ, ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುವ ಕೈಯೂ ಆ ಕರೆಗೆ ಹೊರತಲ್ಲ.

ಕೊನೆಯದಾಗಿ ಮತ್ತೊಂದು ಬಾವಿಯನ್ನು ನೆನೆಯೋಣ. ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ, ದಣಿದ ಯೇಸುಸ್ವಾಮಿ ನಡುಹಗಲಿನಲ್ಲಿ ಯಕೋಬನ ಬಾವಿಯ ಬಳಿ ಕುಳಿತು ಸಮಾರಿಯದ ಹೆಂಗಸನ್ನು ನೀರು ಕೇಳುತ್ತಾರೆ. ಯೆಹೂದ್ಯರು ಸಮಾರಿಯದವರೊಡನೆ ಬಳಕೆ ಇಟ್ಟುಕೊಳ್ಳದ ಕಾಲವದು. ಆಕೆಗೆ ಆದ ಅಚ್ಚರಿ ನಮ್ಮ ನಾಡಿನ ಅನೇಕರಿಗೆ ಅರ್ಥವಾಗುತ್ತದೆ. "ಕೊಡ ಮುಟ್ಟಬೇಡ" ಎಂಬ ಮಾತು ನಮ್ಮ ಹಳ್ಳಿಗಳ ಬಾವಿಕಟ್ಟೆಗಳಲ್ಲೂ ಕೇಳಿಬಂದಿದೆ. ಪ್ರಭು ಆ ಗೆರೆಯನ್ನು ದಾಟಿದರು. ಆಕೆ ತಂದ ಕೊಡವನ್ನು ಅಲ್ಲೇ ಬಿಟ್ಟು, ಊರವರನ್ನು ಕರೆತರಲು ಧಾವಿಸಿದಳು.

ದೇವರ ಸಾಮೀಪ್ಯದ ಒರೆಗಲ್ಲು ಇದೇ. ಬಲಿಪೂಜೆಯಲ್ಲಿ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ, ಹೊರಬಂದ ಮೇಲೆ ಜಾತಿಯ ಲೆಕ್ಕ ಹಾಕುವವರು, ನೆರೆಯವನ ಮಗ್ಗುಲಲ್ಲಿ ಕುಳಿತೂ ವರ್ಷಗಟ್ಟಲೆ ಮಾತುಬಿಟ್ಟವರು ಒರತೆಗೆ ಕಲ್ಲು ಹೇರಿದವರೇ ಸರಿ. ದೇವರು ನಮಗೆ ಕೊಟ್ಟ ನೀರು ಕಾಲುವೆಯಲ್ಲಿ ಮುಂದಿನವರ ಹೊಲಕ್ಕೂ ಹರಿಯಬೇಕು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿ ಮನೆಯಲ್ಲೂ ಸಂಜೆ ಎಲ್ಲರೂ ಕೂಡಿ ಶುಭಸಂದೇಶದ ಒಂದು ಭಾಗವನ್ನು ಓದಿ ಕಾಲು ಗಂಟೆ ಪ್ರಾರ್ಥಿಸೋಣ. ಮುರಿದ ಒಂದು ಸಂಬಂಧವನ್ನಾದರೂ ಬಲಿಪೀಠದ ಬಳಿ ಬರುವ ಮುನ್ನ ಸರಿಪಡಿಸಿಕೊಳ್ಳೋಣ. ನಮ್ಮ ಹಿರಿಯರು ನಮಗೆ ದೇವಾಲಯವನ್ನು ಬಿಟ್ಟುಹೋದರು. ನಾವು ನಮ್ಮ ಮಕ್ಕಳಿಗೆ ತೆರೆದ ಒರತೆಯನ್ನು ಬಿಟ್ಟುಹೋಗೋಣ. ಜೀವಜಲದ ಬುಗ್ಗೆಯಾದ ಪ್ರಭು ಯೇಸು ನಮ್ಮೆಲ್ಲರನ್ನೂ, ಈ ಬರದ ನಾಡಿನ ಸಕಲ ಜನರನ್ನೂ ಹರಸಲಿ. ಮಾತೆ ಮರಿಯಮ್ಮನವರು ನಮಗಾಗಿ ಬೇಡಲಿ. ಆಮೆನ್.